ಕರಾರಿನಲ್ಲಿ ‘ಶಾಂಘೈನಲ್ಲಿ ಆರ್ಬಿಟ್ರೇಷನ್’ ಅಂತಷ್ಟೇ ಇದ್ದರೆ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಚೀನಾದಿಂದ ತರಿಸಿದ ಸಿಎನ್‌ಸಿ ಮಷೀನಿನ ಸ್ಪಿಂಡಲ್ ಎರಡೇ ತಿಂಗಳಲ್ಲಿ ಕೈಕೊಟ್ಟಿದೆ. ಕರಾರಿನ ಕೊನೇ ಪುಟದಲ್ಲಿ ಇಷ್ಟಿದೆ: ‘ತಕರಾರು ಬಂದರೆ ಶಾಂಘೈನಲ್ಲಿ ಆರ್ಬಿಟ್ರೇಷನ್. ಈ ಕರಾರಿಗೆ ಚೀನಾ ಕಾನೂನು.’ ಇದನ್ನು ಹಿಡಿದು ಕೇಸ್ ಹಾಕಬಹುದಾ?

ಉತ್ತರ: ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರಿಂದ ತೀರ್ಮಾನ. ಈ ಸಾಲಿನಲ್ಲಿ ಊರಿದೆ, ಅದನ್ನು ನಡೆಸಿಕೊಡುವ ಸಂಸ್ಥೆಯ ಹೆಸರಿಲ್ಲ. ತೊಂದರೆ ಅಲ್ಲೇ ಇದೆ. ಚೀನಾದ 1994ರ ಆರ್ಬಿಟ್ರೇಷನ್ ಕಾಯ್ದೆಯ 16ನೇ ಕಲಂ ಮೂರು ವಿಷಯ ಕೇಳುತ್ತಿತ್ತು: ಆರ್ಬಿಟ್ರೇಷನ್‌ಗೆ ಒಪ್ಪಿಗೆ, ಯಾವ ತಕರಾರಿಗೆ ಅನ್ನೋದು, ಯಾವ ಸಂಸ್ಥೆ ಅನ್ನೋದು. ಸಂಸ್ಥೆಯ ಹೆಸರಿಲ್ಲ, ಆಮೇಲೂ ಇಬ್ಬರೂ ಸೇರಿ ಒಂದು ಸಂಸ್ಥೆಗೆ ಒಪ್ಪಲಿಲ್ಲ ಅಂದರೆ ಆರ್ಬಿಟ್ರೇಷನ್ ಒಪ್ಪಂದ ಅಸಿಂಧು. ಊರಿನಲ್ಲಿ ಒಂದೇ ಸಂಸ್ಥೆ ಇದ್ದರೆ ಅದನ್ನೇ ಹೇಳಿದ್ದು ಅಂತ ಹಿಡಿಯಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದರೆ ಶಾಂಘೈನಲ್ಲಿ ಒಂದಕ್ಕಿಂತ ಜಾಸ್ತಿ ಇವೆಯಲ್ಲ! 2026ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಕಾಯ್ದೆಯಲ್ಲೂ ಈ ಷರತ್ತು ಹೋಗಿಲ್ಲ. ವಿದೇಶಿ ನಂಟಿರುವ ಹಡಗು ವ್ಯವಹಾರದಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಒಂದು ಸಮಾಧಾನ ಇದೆ. ವಿದೇಶಿಯರು ಸೇರಿದ ಒಪ್ಪಂದವನ್ನು ಕೆಳಗಿನ ಕೋರ್ಟ್ ತಾನೇ ಅಸಿಂಧು ಅನ್ನುವಂತಿಲ್ಲ. ಮೊದಲು ಮೇಲಿನ ಕೋರ್ಟಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಆದರೂ ಅದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಸಿಂಗಾಪುರ ಅಂತ ಬರೆಸಿದ್ದರೆ? ಆಗಲೂ ಚೀನಾ ಕಾನೂನೇ ಅಲ್ವಾ, ಕರಾರಿನಲ್ಲೇ ಇದೆಯಲ್ಲ?

ಉತ್ತರ: ಅಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ. ಕರಾರಿನ ಕಾನೂನು ಬೇರೆ, ಆರ್ಬಿಟ್ರೇಷನ್ ಒಪ್ಪಂದದ ಕಾನೂನು ಬೇರೆ. ಎರಡನೆಯದನ್ನು ಬಿಡಿಸಿ ಬರೆಯದಿದ್ದರೆ ಸಂಸ್ಥೆ ಇರುವ ಅಥವಾ ಆರ್ಬಿಟ್ರೇಷನ್ ನಡೆಯುವ ಜಾಗದ ಕಾನೂನನ್ನು ಚೀನಾದ ಕೋರ್ಟುಗಳು ಹಿಡಿಯುತ್ತವೆ. ಈ ಎರಡು ಜಾಗಗಳ ಕಾನೂನು ಬೇರೆ ಬೇರೆ ಉತ್ತರ ಕೊಟ್ಟರೆ, ಒಪ್ಪಂದವನ್ನು ಉಳಿಸುವ ಕಾನೂನನ್ನೇ ಹಿಡಿಯಬೇಕು ಅನ್ನೋ ನಿಯಮ 2018ರಿಂದ ಇದೆ. ಸಿಂಗಾಪುರದ ಸಂಸ್ಥೆ, ಸಿಂಗಾಪುರದಲ್ಲೇ ಆರ್ಬಿಟ್ರೇಷನ್ ಅಂತಿದ್ದರೆ ಚೀನಾದ ಈ ಷರತ್ತು ನಿಮ್ಮನ್ನು ಕಾಡುತ್ತಿರಲಿಲ್ಲ.

ಪ್ರಶ್ನೆ: ಹಾಗಾದರೆ ನಾವೀಗ ಏನು ಮಾಡಬೇಕು ಸರ್?

ಉತ್ತರ: ಮಾತು ಕೆಡುವ ಮೊದಲೇ ಅವರಿಗೊಂದು ಇಮೇಲ್ ಹಾಕಿ. ಇಮೇಲನ್ನೂ ಚೀನಾ ಲಿಖಿತ ಒಪ್ಪಂದ ಅಂತಲೇ ನೋಡುತ್ತದೆ. ಕರಾರಿನ ನಂಬರ್ ಹಾಕಿ, ಇಷ್ಟು ಬರೆಯಿರಿ: ‘ಈ ಕರಾರಿನ ಎಲ್ಲ ತಕರಾರುಗಳೂ ಶಾಂಘೈ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ ಸೆಂಟರ್‌ಗೆ ಹೋಗಲಿ, ಒಪ್ಪಿಗೆ ತಿಳಿಸಿ.’ ಹೆಸರು ಪೂರ್ತಿ ಇರಲಿ. ಅವರು ‘ಒಪ್ಪಿದ್ದೇವೆ’ ಅಂತ ಬರೆದ ಉತ್ತರವನ್ನು ಪ್ರಿಂಟ್ ತೆಗೆದು ಕರಾರಿನ ಜೊತೆಗೇ ಫೈಲಿಗೆ ಹಾಕಿ.