ಜೆರೇನಿಯಂ ಎಲೆ ಕೆಂಪು, ಬುಡ ಕಪ್ಪು: ಮಡಿಕೇರಿ ಚಳಿಯ ಕಾಟವಾ, ಬೇರೇನಾದ್ರೂನಾ?

ಜಗಲಿತೋಟ (ಮಡಿಕೇರಿ): ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗಾಳಿಬೀಡು ರಸ್ತೆ ಕಡೆ. ಅಕ್ಟೋಬರ್‌ನಲ್ಲಿ ನರ್ಸರಿಯಿಂದ ಆರು ಜೆರೇನಿಯಂ ತಂದಿದ್ದೆ, ನಾಲ್ಕು ನೆಟ್ಟಗೆ ಬೆಳೆಯೋವು, ಎರಡು ಇಳಿಬೀಳೋವು. ಪುತ್ತರಿವರೆಗೂ ಚೆನ್ನಾಗಿ ಹೂ ಬಿಟ್ಟವು. ಈಗ ಒಂದೊಂದಕ್ಕೆ ಒಂದೊಂದು ರೋಗ. ಮೂರರ ಎಲೆಯಂಚು ಕೆಂಪಾಗಿದೆ. ಇಳಿಬೀಳೋವುಗಳ ಎಲೆಯಡಿ ಸಾಸಿವೆಕಾಳಿನಷ್ಟು ಗುಳ್ಳೆಗಳು. ಉಳಿದ ಒಂದರ ಕಾಂಡ ಮಣ್ಣಿನ ಹತ್ತಿರ ಕಪ್ಪಾಗಿದೆ. ಬೆಳಿಗ್ಗೆ ಆರಕ್ಕೆ ಜಗಲಿಯಲ್ಲಿ 11 ಡಿಗ್ರಿ ಇರುತ್ತೆ. ಜೆರೇನಿಯಂ ಹಿಮದಲ್ಲೂ ಬದುಕುತ್ತೆ ಅಂತ ಓದಿದ್ದೆ, ಇದೇನು ಕಥೆ? ಕಾಫಿ ಕೊಯ್ಲಿನ ಗಡಿಬಿಡಿ, ಹಾಗಾಗಿ ನೀರು ಹಾಕೋದು ದಿನಾ ಸಂಜೆ ಕಣದಿಂದ ಬಂದ ಮೇಲೆ. ಮನೆಯಲ್ಲಿ ಮೈಲುತುತ್ತು, ಸುಣ್ಣ ಎರಡೂ ಉಂಟು. ಎರಡನ್ನೂ ಕಲಸಿ ಬೋರ್ಡೋ ದ್ರಾವಣ ಹೊಡೆಯಲಾ?

ಕುಂಡಪ್ರೇಮಿ (ವಿರಾಜಪೇಟೆ): ರಾತ್ರಿ ಪ್ಲಾಸ್ಟಿಕ್ ಹೊದಿಸಿ ನೋಡಿ ಅಕ್ಕ. ಚಳಿ ತಾಗಲ್ಲ.

ಗೆಣ್ಣು (ಸೋಮವಾರಪೇಟೆ): ಹೊದಿಸೋದು, ಹೊಡೆಯೋದು ಎರಡೂ ಈಗ ಬೇಡ. ಮೊದಲು ಮೂರು ವಿಷಯ ನೋಡಿ ಹೇಳಿ. ಗುಳ್ಳೆ ಮೇಲೆ ಬೆರಳಾಡಿಸಿದರೆ ಕಂದು ಪುಡಿ ಅಂಟುತ್ತಾ? ಕಪ್ಪು ಕಾಂಡವನ್ನು ಉಗುರಿಂದ ಒತ್ತಿದರೆ ಗಟ್ಟಿ ಇದೆಯಾ, ಮೆತ್ತಗಾ? ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೀರಾ?

ಜಗಲಿತೋಟ: ಪುಡಿ ಏನೂ ಇಲ್ಲ, ಬಿರಡೆ ಥರ ಒರಟು. ಕಾಂಡ ಬೆಂದ ಕೆಸುವಿನ ದಂಟಿನ ಹಾಗಿದೆ, ಒತ್ತಿದರೆ ನೀರು ಬಂತು. ತಟ್ಟೆ ಉಂಟು, ಜಗಲಿ ಕೊಳೆಯಾಗುತ್ತೇಂತ ಅಮ್ಮ ಇಟ್ಟದ್ದು. ಮಣ್ಣು ತೋಟದ್ದೇ, ಅರ್ಧಕ್ಕರ್ಧ ಹಟ್ಟಿಗೊಬ್ಬರ.

ಗೆಣ್ಣು: ಹಾಗಾದರೆ ಚಳಿಯನ್ನು ಬೈಯಬೇಡಿ. ಹೆಚ್ಚಿನ ತಪ್ಪು ಸಂಜೆಯ ನೀರಿನದು.

ಹಿಮದ ವಿಚಾರ ಮೊದಲು ಮುಗಿಸ್ತೀನಿ. ನೀವು ಓದಿದ್ದು ನಿಜವಾದ ಜೆರೇನಿಯಂ ಬಗ್ಗೆ. ನಮ್ಮ ಕುಂಡಗಳಲ್ಲಿರೋದು ಪೆಲಾರ್ಗೋನಿಯಂ, ಹೆಚ್ಚಿನವುಗಳ ತವರು ದಕ್ಷಿಣ ಆಫ್ರಿಕಾ. 1753ರಲ್ಲಿ ಲಿನೇಯಸ್ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದ. 1789ರಲ್ಲಿ ಬೇರೆ ಮಾಡಿದರೂ ಬಾಯಲ್ಲಿ ಹಳೇ ಹೆಸರೇ ಉಳಿಯಿತು. ಇದಕ್ಕೆ ನೀರು ಹೆಪ್ಪುಗಟ್ಟೋ ಚಳಿ ಆಗಿಬರಲ್ಲ, ಆದರೆ ನಿಮ್ಮ 11 ಡಿಗ್ರಿಗೆ ಸಾಯೋ ಗಿಡವೂ ಅಲ್ಲ. ಬೆಳವಣಿಗೆ ನಿಧಾನ ಆಗುತ್ತೆ ಅಷ್ಟೇ.

ಕೆಂಪಂಚು: ಮಣ್ಣು ತಣ್ಣಗಾದಾಗ ಬೇರು ರಂಜಕ ಸರಿಯಾಗಿ ಎಳೆದುಕೊಳ್ಳಲ್ಲ, ಎಲೆ ಕೆಂಪಾಗುತ್ತೆ. ಬಿಸಿಲು ಏರಿದ ಹಾಗೆ ಹೊಸ ಎಲೆ ಹಸಿರಾಗೇ ಬರುತ್ತೆ. ಇದಕ್ಕೆ ಅಂತ ರಂಜಕದ ಗೊಬ್ಬರ ಡಿಎಪಿ ಸುರಿಯಬೇಡಿ ಮಾರಾಯ್ರೆ.

ಗುಳ್ಳೆ ರೋಗವೇ ಅಲ್ಲ. ಸಂಜೆ ನೀರು ಕುಡಿದ ಬೇರು ರಾತ್ರಿಯಿಡೀ ಮೇಲಕ್ಕೆ ತಳ್ಳುತ್ತೆ. ಹೊರಗೆ ಮಂಜು, ಎಲೆಯಿಂದ ನೀರು ಆವಿಯಾಗಲ್ಲ. ಎಲೆಯೊಳಗಿನ ಜೀವಕೋಶ ಉಬ್ಬಿ ಒಡೆದು ಬಿರಡೆ ಕಟ್ಟುತ್ತೆ. ಇಳಿಬೀಳೋ ಜಾತಿಗೆ ಇದು ಜಾಸ್ತಿ. ಪುಡಿ ಅಂಟಿದ್ದರೆ ತುಕ್ಕು ರೋಗ ಅಂತಿದ್ದೆ, ಆಗ ಎಲೆ ಕಿತ್ತು ಸುಡಬೇಕಿತ್ತು. ಈಗಿನ ಗುಳ್ಳೆಗಳು ಮಾಯವಾಗಲ್ಲ, ಹೊಸ ಎಲೆಗೆ ಬರದಂತೆ ನೋಡ್ಕೊಂಡ್ರೆ ಸಾಕು. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಂತು ಇದೂ ಹೆಚ್ಚುತ್ತೆ, ಹೂಗೊಂಚಲಿಗೆ ಬೂದು ಬೂಷ್ಟೂ ಹಿಡಿಯುತ್ತೆ.

ಕಪ್ಪು ಬುಡ ಮಾತ್ರ ಗಂಭೀರ. ಪಿಥಿಯಂ ಅನ್ನೋ ರೋಗಾಣುವಿನ ಕೊಳೆ ಇರಬೇಕು, ಕಾಳುಮೆಣಸಿನ ಬಳ್ಳಿಯನ್ನು ಸೊರಗಿಸೋ ಫೈಟೋಫ್ತೊರಾದ ದಾಯಾದಿ. ಬುಡ ಕೊಳೆತ ಬಳ್ಳಿಯನ್ನು ಬೋರ್ಡೋ ಬದುಕಿಸಿದ್ದು ನೋಡಿದ್ದೀರಾ? ಇಲ್ಲೂ ಅಷ್ಟೇ. ಗಿಡ ಬಿಡಿ, ತುದಿ ಉಳಿಸಿಕೊಳ್ಳಿ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಮೂರ್ನಾಲ್ಕು ಇಂಚಿನ ತುದಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಕೊಯ್ದ ಜಾಗ ಒಳಗೆ ಬೆಳ್ಳಗೆ-ಹಸಿರಾಗಿರಬೇಕು. ಕಂದು ಗೆರೆ ಕಂಡರೆ ಇನ್ನೂ ಮೇಲೆ ಕೊಯ್ಯಿರಿ. ಕೆಳಗಿನ ಎಲೆ ತೆಗೆದು ಒಂದು ದಿನ ನೆರಳಲ್ಲಿ ಹಾಗೇ ಬಿಡಿ, ಗಾಯ ಒಣಗಲಿ. ಆಮೇಲೆ ತೊಳೆದ ಮರಳಿಗೆ ನೆಡಿ. ಹಳೇ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಉಳಿದ ಐದಕ್ಕೆ ತಟ್ಟೆ ತೆಗೆಯಿರಿ, ಮಣ್ಣಿಗೆ ಮೂರನೇ ಒಂದು ಪಾಲು ಮರಳು ಸೇರಿಸಿ, ಪೂರ್ವದ ಬಿಸಿಲು ಬೀಳೋ ಕಡೆ ಇಡಿ. ಬೆರಳು ಎರಡು ಗೆಣ್ಣು ಇಳಿಸಿದರೂ ಮಣ್ಣು ಒಣಗಿದ್ದರೆ ಮಾತ್ರ ನೀರು, ಅದೂ ಬೆಳಿಗ್ಗೆ, ಎಲೆ ನೆನೆಯದಂತೆ.

ಕುಂಡಪ್ರೇಮಿ: ನಾನೂ ಪ್ಲಾಸ್ಟಿಕ್ ತೆಗೆದೆ ಅಣ್ಣ. ಒಳಗೆ ಬೂಷ್ಟು ಇತ್ತು, ಹೇಳೋಕೆ ನಾಚಿಕೆ. ಮಳೆಗಾಲಕ್ಕೇನು ಮಾಡೋದು?

ಗೆಣ್ಣು: ಜೂನ್‌ಗೆ ಮೊದಲೇ ಸೂರಿನಡಿಗೆ ಸಾಗಿಸಿ. ನಮ್ಮ ಮಳೆಗೆ ಹೊರಗಿಟ್ಟು ಗೆದ್ದವರಿಲ್ಲ.

ಜಗಲಿತೋಟ (ಫೆಬ್ರವರಿ): ಆರು ತುಂಡು ನೆಟ್ಟಿದ್ದೆ, ನಾಲ್ಕು ಚಿಗುರಿವೆ. ಒಂದನ್ನು ತಡೆಯಲಾರದೆ ಕಿತ್ತು ನೋಡಿದೆ, ಬಿಳಿ ಬೇರು ಬಂದಿತ್ತು, ಮತ್ತೆ ನೆಟ್ಟೆ. ಇಳಿಬೀಳೋವುಗಳ ಹೊಸ ಎಲೆಯಲ್ಲಿ ಗುಳ್ಳೆ ಇಲ್ಲ. ತಟ್ಟೆಗಳಲ್ಲಿ ಅಮ್ಮ ಈಗ ಮೆಣಸು ಒಣಗಿಸ್ತಿದ್ದಾರೆ.