ಬಸಿಗಾಲುವೆ ತೋಡಿದ ಪೀಟ್ ನೆಲ: ನೀತಿ ಟಿಪ್ಪಣಿಗೆ ಮುನ್ನ ಏನೇನು ಅಳೆಯಬೇಕು?

ತೇವನೆಲ (ಪ್ರಶ್ನೆ; ಉತ್ತರಿಸಿದವರು: ಅಳತೆಗೋಲು, ಇಂಗಾಲದ ಲೆಕ್ಕ, ಕರಡುಪ್ರತಿ, ಕಟ್ಟೆಕೆಲಸ)

ಸುಮಾರು 200 ಹೆಕ್ಟೇರ್ ಪೀಟ್ ನೆಲ, ಅಂದರೆ ನೀರಲ್ಲಿ ಪೂರ್ತಿ ಕೊಳೆಯದೆ ಪದರವಾಗಿ ಕೂತ ಗಿಡಗಳ ಮಣ್ಣು. ದಶಕಗಳ ಹಿಂದೆಯೇ ಬಸಿಗಾಲುವೆ ತೋಡಿ ನೀರನ್ನು ಹೊರಗೆ ಹರಿಸಲಾಗಿದೆ. ಅರ್ಧದಲ್ಲಿ ಬೇಸಾಯ, ಉಳಿದರ್ಧ ಕುರುಚಲು. ಇದರ ಸಂರಕ್ಷಣೆಗೆ ನೀತಿ ಬರೆಯುತ್ತಿರುವವರಿಗೆ ಒಂದು ವರ್ಷದೊಳಗೆ ಎರಡು ಪುಟದ ಟಿಪ್ಪಣಿ ಕೊಡಬೇಕು. ಜೊತೆಗೆ ಅಲ್ಲಿನ ರೈತರ ಜೊತೆ ಸಭೆಗಳನ್ನೂ ನಡೆಸಬೇಕು. ಮೂವರ ತಂಡ, ಅನಿಲ ಅಳೆಯುವ ಗೋಪುರ ನಿಲ್ಲಿಸುವಷ್ಟು ಹಣ ಇಲ್ಲ.

ಇಷ್ಟರಲ್ಲಿ ಯಾವ ಅಳತೆ ಮೊದಲು? ಪೀಟ್ ಕೊಳೆತು ಬರುವ ಅನಿಲಗಳ ಹೊರಸೂಸುವಿಕೆಯನ್ನು ನೇರವಾಗಿ ಅಳೆಯದೆ ನಂಬುವಂಥ ಅಂಕಿ ಕೊಡಲು ಸಾಧ್ಯವೇ? ರೈತರ ಮುಂದೆ ಮಾತು ಎಲ್ಲಿಂದ ಶುರು ಮಾಡಬೇಕು?

ಅಳತೆಗೋಲು

ನೀರಿನ ಮಟ್ಟ ಮೊದಲು. ನೀರು ಮೇಲ್ಮೈಯಿಂದ ಎಷ್ಟು ಕೆಳಗಿದೆ ಅನ್ನುವುದೇ ಪೀಟ್ ಎಷ್ಟು ಬೇಗ ಕೊಳೆಯುತ್ತದೆ, ನೆಲ ಎಷ್ಟು ಕುಸಿಯುತ್ತದೆ, ಬೆಂಕಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಮೂರನ್ನೂ ನಿರ್ಧರಿಸುತ್ತದೆ. ಅಗ್ಗದ ಅಳತೆಯೂ ಅದೇ.

3ರಿಂದ 5 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪು ತೆಗೆದುಕೊಳ್ಳಿ. ಉದ್ದಕ್ಕೂ ತೂತು ಕೊರೆದು, ತಳಕ್ಕೆ ಮುಚ್ಚಳ ಹಾಕಿ, ಹೊರಗೆ ತೆಳು ಬಲೆಬಟ್ಟೆ ಸುತ್ತಿ. ಬೇಸಗೆಯಲ್ಲಿ ನೀರು ಇಳಿಯಬಹುದಾದ ಆಳಕ್ಕಿಂತ ಕನಿಷ್ಠ ಅರ್ಧ ಮೀಟರ್ ಕೆಳಗೆ ಹೋಗಬೇಕು. ಇಲ್ಲದಿದ್ದರೆ ಅತಿ ಮುಖ್ಯವಾದ ತಿಂಗಳುಗಳಲ್ಲೇ ಪೈಪು ಒಣಗಿ ಕೂರುತ್ತದೆ. ಪೈಪಿಗಿಂತ ಸ್ವಲ್ಪ ಸಣ್ಣ, ಮಣ್ಣು ಕೊರೆಯುವ ಆಗರ್‌ನಿಂದ ಗುಂಡಿ ಕೊರೆದು ಬಿಗಿಯಾಗಿ ಇಳಿಸಿ. ಸುತ್ತ ಸಂದು ಉಳಿದರೆ ಮಳೆನೀರು ಪೈಪಿನ ಮೈಗುಂಟ ಇಳಿದು ಸುಳ್ಳು ಮಟ್ಟ ತೋರಿಸುತ್ತದೆ. ಮೇಲಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಚಿಕ್ಕ ತೂತು ಇರಲಿ.

ಕಾಲುವೆಗೆ ಅಡ್ಡವಾಗಿ ಸಾಲು ಹಾಕಿ: 1, 5, 10, 25, 50, 100 ಮೀಟರ್ ದೂರಕ್ಕೆ ಒಂದೊಂದು. ಕಾಲುವೆಯ ಪ್ರಭಾವ ಎಲ್ಲಿಯವರೆಗೆ ಅನ್ನುವುದು ಈ ಸಾಲಿನಿಂದಲೇ ಗೊತ್ತಾಗುವುದು. ಬೇಸಾಯದ ಕಡೆ ಎರಡು ಸಾಲು, ಕುರುಚಲಿನ ಕಡೆ ಎರಡು ಇದ್ದರೆ ಈ ವಿಸ್ತೀರ್ಣಕ್ಕೆ ಕೆಲಸ ನಡೆಯುತ್ತದೆ. ಕಾಲುವೆ ಮುಟ್ಟದ ಜಾಗ ಹತ್ತಿರದಲ್ಲಿದ್ದರೆ ಹೋಲಿಕೆಗೆ ಅಲ್ಲೂ ಎರಡು ಪೈಪು ಹಾಕಿ.

ಓದಲು ದುಬಾರಿ ಉಪಕರಣ ಬೇಡ. ಅಳತೆ ಗುರುತು ಹಾಕಿದ ತೆಳು ಕೊಳವೆಯನ್ನು ಊದುತ್ತಾ ಇಳಿಸಿ, ಗುಳುಗುಳು ಸದ್ದು ಬಂದಲ್ಲಿ ನಿಲ್ಲಿಸಿ. ಅದರಿಂದ ಪೈಪಿನ ತುದಿ ನೆಲದಿಂದ ಮೇಲಿರುವ ಎತ್ತರವನ್ನು ಕಳೆಯಿರಿ. ಈ ಎತ್ತರವನ್ನು ಪ್ರತಿ ಸಲ ಅಳೆಯಬೇಕು. ಪೀಟ್ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮೊದಲ ದಿನದ ಎತ್ತರವನ್ನೇ ವರ್ಷಪೂರ್ತಿ ಬಳಸಿದರೆ ಹಲವು ಸೆಂಟಿಮೀಟರ್ ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅಳೆಯುವವರು ಹಲಗೆ ಹಾಕಿ ನಿಲ್ಲಬೇಕು, ಮೈಭಾರಕ್ಕೆ ನೆಲವೇ ತಗ್ಗುತ್ತದೆ.

ಹದಿನೈದು ದಿನಕ್ಕೊಮ್ಮೆ ಕೈಯಳತೆ, ಜೊತೆಗೆ ಪ್ರತಿ ಸಾಲಿಗೊಂದು, ನೀರಿನೊಳಗೆ ಕೂತು ತಾನೇ ದಾಖಲಿಸುವ ಒತ್ತಡದ ಲಾಗರ್. ಲಾಗರ್ ನೀರಿನ ಜೊತೆ ಗಾಳಿಯ ಒತ್ತಡವನ್ನೂ ಸೇರಿಸಿ ಓದುತ್ತದೆ. 1 ಹೆಕ್ಟೊಪಾಸ್ಕಲ್ ಅಂದರೆ ಹೆಚ್ಚುಕಡಿಮೆ 1 ಸೆಂ.ಮೀ. ನೀರು. ಹವೆ ಬದಲಾಗಿ 20 ಹೆಕ್ಟೊಪಾಸ್ಕಲ್ ಇಳಿದರೆ ನೀರು 20 ಸೆಂ.ಮೀ. ಇಳಿದಂತೆ ಕಾಣುತ್ತದೆ! ಆದ್ದರಿಂದ ಗಾಳಿಗೆ ತೆರೆದ ಇನ್ನೊಂದು ಲಾಗರ್ ಕಡ್ಡಾಯ, ಅದರ ಓದನ್ನು ಕಳೆಯಬೇಕು.

ಇನ್ನು ಪೀಟ್‌ನ ಆಳ. 100 ಮೀಟರ್ ಚೌಕಕ್ಕೊಂದರಂತೆ ಸರಳು ಚುಚ್ಚಿದರೆ ನಿಮಗೆ ಸುಮಾರು 200 ಬಿಂದುಗಳು. ತಳದಲ್ಲಿ ಮೆತ್ತನೆಯ ಜೇಡಿ ಇದ್ದರೆ ಸರಳು ಅದರೊಳಗೂ ನುಗ್ಗಿ ಆಳ ಹೆಚ್ಚು ತೋರಿಸುತ್ತದೆ. ಹೂತ ಮರದ ದಿಮ್ಮಿ ಸಿಕ್ಕರೆ ಕಡಿಮೆ ತೋರಿಸುತ್ತದೆ. ಸರಳು ತಟ್ಟನೆ ನಿಂತರೆ ಅರ್ಧ ಮೀಟರ್ ಸರಿದು ಮತ್ತೆರಡು ಕಡೆ ಚುಚ್ಚಿ ನೋಡಿ. ಹತ್ತು ಬಿಂದುಗಳಿಗೊಮ್ಮೆ ರಷ್ಯನ್ ಕೋರರ್ ಇಳಿಸಿ ಮಾದರಿ ತೆಗೆದು ತಳವನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಿ.

ಇಂಗಾಲದ ಲೆಕ್ಕ

ಎರಡನೇ ಪ್ರಶ್ನೆಗೆ: ಸಾಧ್ಯ. ಆದರೆ ನೆಲದಲ್ಲಿರುವ ಇಂಗಾಲದ ದಾಸ್ತಾನು ಬೇರೆ, ವರ್ಷದ ನಷ್ಟ ಬೇರೆ. ಇವೆರಡನ್ನು ಬೆರೆಸಿದ ಟಿಪ್ಪಣಿಗಳೇ ಹೆಚ್ಚು.

ದಾಸ್ತಾನು: ಆಳ × ಒಣ ಸಾಂದ್ರತೆ × ಇಂಗಾಲದ ಪಾಲು. 2 ಮೀ. ಆಳ, ಪ್ರತಿ ಘನ ಸೆಂ.ಮೀ.ಗೆ 0.1 ಗ್ರಾಂ ಸಾಂದ್ರತೆ, ಶೇ. 50 ಇಂಗಾಲ ಅಂದುಕೊಂಡರೆ ಹೆಕ್ಟೇರಿಗೆ 1,000 ಟನ್ ಇಂಗಾಲ. ಸಾಂದ್ರತೆಯನ್ನು ಊಹಿಸಬೇಡಿ, ಬಸಿದ ನೆಲದ ಮೇಲ್ಪದರ ಕುಗ್ಗಿ ಗಟ್ಟಿಯಾಗಿರುತ್ತದೆ, ಕೆಳಗೆ ಹಗುರ. ಪ್ರತಿ 50 ಸೆಂ.ಮೀ.ಗೆ ಒಂದು ಮಾದರಿ, 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವ ತನಕ ಒಣಗಿಸಿ, ಆಮೇಲೆ 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ಬೂದಿ ತೂಗಿ. ಸುಟ್ಟುಹೋದದ್ದರಲ್ಲಿ ಸರಿಸುಮಾರು ಅರ್ಧ ಇಂಗಾಲ. ಮಾದರಿ ತೆಗೆಯುವಾಗ 50 ಸೆಂ.ಮೀ. ಪದರ 40ಕ್ಕೆ ಅದುಮಿಹೋದದ್ದನ್ನು ಗಮನಿಸದಿದ್ದರೆ ಸಾಂದ್ರತೆ ಶೇ. 25 ಹೆಚ್ಚಾಗಿ ಬರುತ್ತದೆ.

ವರ್ಷದ ನಷ್ಟಕ್ಕೆ ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ) 2013ರ ಜೌಗುಭೂಮಿ ಪೂರಕ ಮಾರ್ಗಸೂಚಿಯ ಗುಣಾಂಕ ಬಳಸಿ. ಬಸಿದು ಉಳುವ ಪೀಟ್‌ಗೆ ಸಮಶೀತೋಷ್ಣ ಮತ್ತು ಉತ್ತರದ ಶೀತ ವಲಯಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ 7.9 ಟನ್ ಇಂಗಾಲ. ಉಷ್ಣವಲಯದ ಎಣ್ಣೆತಾಳೆ ತೋಟಕ್ಕೆ 11 ಟನ್. ಇವು ಇಂಗಾಲದ ಟನ್. ಇಂಗಾಲದ ಡೈಆಕ್ಸೈಡ್‌ಗೆ ಬದಲಿಸಲು ಅಣುತೂಕಗಳ ಅನುಪಾತವಾದ 44/12ರಿಂದ ಗುಣಿಸಬೇಕು: 7.9 ಇದ್ದದ್ದು ಸುಮಾರು 29 ಆಗುತ್ತದೆ. ಇದನ್ನು ಮರೆತರೆ ನಿಮ್ಮ ಅಂಕಿ ನಿಜದ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಸಲ ಗುಣಿಸಿದರೆ ಇನ್ನೂ ಕೆಟ್ಟದ್ದು, ವಿರೋಧಿಗಳು ಮೊದಲು ಹಿಡಿಯುವುದು ಅದನ್ನೇ. ನಿಮ್ಮ 100 ಹೆಕ್ಟೇರ್ ಬೇಸಾಯದ ನೆಲ ಸಮಶೀತೋಷ್ಣ ವಲಯದ್ದಾದರೆ ವರ್ಷಕ್ಕೆ ಸುಮಾರು 2,900 ಟನ್ ಇಂಗಾಲದ ಡೈಆಕ್ಸೈಡ್.

ಮಟ್ಟ ಏರಿಸಿದರೆ ಎಷ್ಟು ಉಳಿತಾಯ ಅನ್ನುವುದಕ್ಕೆ 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಬಂಧವಿದೆ. ಬೇಸಾಯದ ಪೀಟ್‌ನಲ್ಲಿ ನೀರನ್ನು ಪ್ರತಿ 10 ಸೆಂ.ಮೀ. ಮೇಲಕ್ಕೆ ತಂದರೆ ಹೆಕ್ಟೇರಿಗೆ ವರ್ಷಕ್ಕೆ ಕನಿಷ್ಠ 3 ಟನ್ ಡೈಆಕ್ಸೈಡ್‌ಗೆ ಸಮನಾದಷ್ಟು ತಗ್ಗುತ್ತದೆ. ಇದು ನೀರು ಮೇಲ್ಮೈಯಿಂದ 30 ಸೆಂ.ಮೀ. ಕೆಳಗಿನ ಮಟ್ಟ ತಲುಪುವವರೆಗೆ ಮಾತ್ರ. 80ರಿಂದ 40 ಸೆಂ.ಮೀ.ಗೆ ತಂದರೆ 12 ಟನ್. 100 ಹೆಕ್ಟೇರಿಗೆ 1,200. ಅಳತೆಗೋಲು ಹೇಳಿದ ಪೈಪುಗಳ ವಾರ್ಷಿಕ ಸರಾಸರಿ ನೇರವಾಗಿ ಇಲ್ಲಿ ಕೂರುತ್ತದೆ. ಗೋಪುರ ಇಲ್ಲ ಅಂತ ಚಿಂತಿಸಬೇಡಿ.

ತೇವನೆಲ

ಇಬ್ಬರಿಗೂ ಧನ್ಯವಾದ. "ನೀರು ನಿಲ್ಲಿಸಿದರೆ ಮೀಥೇನ್ ಏರುತ್ತದಲ್ಲ, ಲಾಭ ಎಲ್ಲಿ ಬಂತು?" ಅಂತ ಕೇಳುವವರು ಇದ್ದೇ ಇರುತ್ತಾರೆ. ಏನು ಹೇಳಲಿ?

ಇಂಗಾಲದ ಲೆಕ್ಕ

ಏರುತ್ತದೆ ಅಂತಲೇ ಹೇಳಿ, ಮುಚ್ಚಿಡಬೇಡಿ. ಒಂದು ಟನ್ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡ್‌ನ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಮಾಡುತ್ತದೆ. ಆದರೆ ಹತ್ತು-ಹನ್ನೆರಡು ವರ್ಷಗಳಲ್ಲಿ ಅದರ ಬಹುಪಾಲು ಕರಗಿಹೋಗುತ್ತದೆ. ಬಸಿದ ಪೀಟ್‌ನಿಂದ ಹೋದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ, ವರ್ಷ ವರ್ಷವೂ ಪೇರುತ್ತದೆ. ಮರುತೇವವನ್ನು (ನೆಲವನ್ನು ಮತ್ತೆ ಒದ್ದೆ ಮಾಡುವುದನ್ನು) ಮುಂದೂಡಿದಷ್ಟೂ ನಷ್ಟ ಅನ್ನುವುದು ಅದಕ್ಕೇ.

ಮೀಥೇನ್ ತಗ್ಗಿಸುವ ದಾರಿಯೂ ಇದೆ. ನೀರು ಮೇಲ್ಮೈಗಿಂತ 5ರಿಂದ 15 ಸೆಂ.ಮೀ. ಕೆಳಗೆ ನಿಂತರೆ ಒಳ್ಳೆಯದು; ಗೊಬ್ಬರ ಉಂಡ ನೆಲದ ಮೇಲೆ ಕೆರೆಯಂತೆ ನೀರು ನಿಲ್ಲಿಸಿದರೆ ಮೀಥೇನ್ ಸಿಕ್ಕಾಪಟ್ಟೆ ಬರುತ್ತದೆ. ಈಗಿರುವ ಬಸಿಗಾಲುವೆಗಳ ನಿಂತ ನೀರೂ ಮೀಥೇನ್ ಬಿಡುತ್ತದೆ. ಅದನ್ನು "ಇಂದಿನ ಸ್ಥಿತಿ" ಲೆಕ್ಕದಲ್ಲಿ ಸೇರಿಸದೆ ಹೋಲಿಸಿದರೆ ಅನ್ಯಾಯ.

ಕರಡುಪ್ರತಿ

ಟಿಪ್ಪಣಿಯ ಬಗ್ಗೆ. ಪೀಟ್ ಜಗತ್ತಿನ ನೆಲದ ಶೇ. 3, ಆದರೂ ಎಲ್ಲ ಕಾಡುಗಳ ಜೀವರಾಶಿಗಿಂತ ಹೆಚ್ಚು ಇಂಗಾಲ ಹೊತ್ತಿದೆ ಅನ್ನುವ ವಾಕ್ಯದಿಂದ ಶುರು ಮಾಡುವ ಆಸೆ ಎಲ್ಲರಿಗೂ. ನಿಜವೇ, ಆದರೆ ನಿಮ್ಮ ಅಧಿಕಾರಿ ಅದರ ಮೇಲೆ ಸಹಿ ಹಾಕಲಾರರು. ಮೊದಲ ಪ್ಯಾರಾದಲ್ಲೇ ಬೇಡಿಕೆ ಇರಲಿ: ಯಾರು, ಯಾವ ನಿಯಮದಡಿ, ಯಾವ ಗಡಿಯೊಳಗೆ, ನೀರನ್ನು ಯಾವ ಮಟ್ಟಕ್ಕೆ, ಎಂದಿನೊಳಗೆ. ನಂತರ ಮೂರು ಆಯ್ಕೆಯ ಪಟ್ಟಿ (ಇದ್ದಂತೆ ಬಿಡುವುದು, 40 ಸೆಂ.ಮೀ.ಗೆ ಏರಿಸುವುದು, ಪೂರ್ತಿ ಮರುತೇವ), ಪ್ರತಿಯೊಂದಕ್ಕೂ ಖರ್ಚು ಮತ್ತು ಉಳಿತಾಯ, ಒಂದೇ ಅಂಕಿಯಾಗಿ ಅಲ್ಲ, ಕನಿಷ್ಠ–ಗರಿಷ್ಠವಾಗಿ.

ಅಳೆಯಬಹುದಾದ ಮಿತಿ ಬರೆಸುವುದು ದೊಡ್ಡ ಗೆಲುವು. ಇಂಡೊನೇಷ್ಯಾದ 2014ರ 71ನೇ ಸಂಖ್ಯೆಯ ಸರ್ಕಾರಿ ನಿಯಮ (2016ರಲ್ಲಿ ತಿದ್ದುಪಡಿಯಾಯಿತು) ಬೇಸಾಯದ ಪೀಟ್‌ನಲ್ಲಿ ನೀರು 0.4 ಮೀಟರ್‌ಗಿಂತ ಕೆಳಗಿಳಿದರೆ ನೆಲ ಹಾಳಾಗಿದೆ ಎಂದೇ ಪರಿಗಣಿಸುತ್ತದೆ. 3 ಮೀಟರ್ ಮತ್ತು ಅದಕ್ಕಿಂತ ಆಳದ ಪೀಟ್‌ಗೆ ರಕ್ಷಣೆ, ಪ್ರತಿ ಜಲಘಟಕದಲ್ಲಿ ಕನಿಷ್ಠ ಶೇ. 30 ರಕ್ಷಿತ. ಇದರಲ್ಲಿ ಕಲಿಯಬೇಕಾದದ್ದು ಜಲಘಟಕ: ಆಡಳಿತದ ಗಡಿಯಲ್ಲ, ಎರಡು ಹೊಳೆಗಳ ನಡುವಿನ ಇಡೀ ಪೀಟ್. ಜಾಗರೂಕರಾಗಬೇಕಾದ್ದು ಅಳೆಯುವ ಬಿಂದು. ಅದನ್ನು ಎಲ್ಲಿಡಬೇಕೆಂದು ನಿಯಮ ಹೇಳದಿದ್ದರೆ ಎಲ್ಲ ಪೈಪುಗಳೂ ಒದ್ದೆ ಮೂಲೆಗೇ ಹೋಗಿ ಕೂರುತ್ತವೆ. 40 ಸೆಂ.ಮೀ. ಅನ್ನುವುದು ಹೊರಸೂಸುವಿಕೆ ನಿಲ್ಲುವ ಮಟ್ಟವಂತೂ ಅಲ್ಲ.

ಐರೋಪ್ಯ ಒಕ್ಕೂಟದ 2024ರ ಪ್ರಕೃತಿ ಪುನಶ್ಚೇತನ ಕಾಯ್ದೆಯನ್ನೂ ನೋಡಿ. ಬಸಿದ ಬೇಸಾಯದ ಪೀಟ್‌ನ ಶೇ. 30ರಲ್ಲಿ 2030ರೊಳಗೆ ಪುನಶ್ಚೇತನ ಕ್ರಮ, ಆದರೆ ಅದರಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಮರುತೇವ ಆಗಬೇಕು. ಈ ಎರಡು ಅಂಕಿಗಳನ್ನು ಒಂದೇ ಎಂದು ಬರೆಯುವ ವರದಿಗಳನ್ನು ನಂಬಬೇಡಿ.

ಇನ್ನೊಂದು ಕೆಲಸ: ಬಸಿಗಾಲುವೆ ಹೂಳೆತ್ತಲು ಬೇರೆ ಯಾವುದಾದರೂ ಇಲಾಖೆ ಸಹಾಯಧನ ಕೊಡುತ್ತಿದೆಯೇ ಅಂತ ಹುಡುಕಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ ಇದ್ದರೆ ಅದನ್ನು ಹೆಸರಿಸಿ ಟಿಪ್ಪಣಿಯಲ್ಲಿ ಬರೆಯಿರಿ. ಅನೇಕ ಸಲ ಹೊಸ ಹಣಕ್ಕಿಂತ ಆ ಹಣ ನಿಲ್ಲಿಸುವುದು ಸುಲಭ.

ಕಟ್ಟೆಕೆಲಸ

ರೈತರ ಸಭೆಯಲ್ಲಿ ಇಂಗಾಲ ಕೊನೆಗೆ ಬರಲಿ. ನೆಲ ಕುಸಿತದಿಂದ ಶುರು ಮಾಡಿ. ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ 1850ರ ಸುಮಾರಿಗೆ ತುದಿ ನೆಲಮಟ್ಟಕ್ಕೆ ಬರುವಂತೆ ಹೂತ ಕಂಬ ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಆ ಚಿತ್ರ ತೋರಿಸಿ, ಆಮೇಲೆ ನಿಮ್ಮ ಜಾಗದಲ್ಲೇ ತಳದ ಜೇಡಿಗೆ ಊರಿದ ಒಂದು ಸರಳು ನಿಲ್ಲಿಸಿ, ವರ್ಷಕ್ಕೊಮ್ಮೆ ಗುರುತು ಹಾಕುವ ಕೆಲಸ ರೈತರಿಗೇ ಕೊಡಿ. ನೆಲ ಇಳಿದಂತೆ ಕಾಲುವೆ ಇನ್ನಷ್ಟು ಆಳ ತೋಡಬೇಕು, ಕೊನೆಗೆ ನೀರು ತಾನಾಗಿ ಹರಿಯದೆ ಪಂಪು ಬೇಕಾಗುತ್ತದೆ. ಈ ಖರ್ಚು ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ಯಾರ ಹೊಲ ಎಷ್ಟು ಒದ್ದೆಯಾಗುತ್ತದೆ ಅನ್ನುವ ನಕ್ಷೆ ಇಲ್ಲದೆ ಸಭೆಗೆ ಹೋಗಲೇಬೇಡಿ. ಕಾಲುವೆಗೆ ಅಡ್ಡ ಕಟ್ಟೆ ಹಾಕಿದರೆ ಪಕ್ಕದವರ ನೆಲಕ್ಕೂ ನೀರು ಏರುತ್ತದೆ; ಅದನ್ನು ನೀವೇ ಮೊದಲು ಹೇಳಬೇಕು. ಜೊಂಡು, ಆಪು, ಸ್ಫ್ಯಾಗ್ನಮ್ ಹಾವಸೆ, ಉಷ್ಣವಲಯದಲ್ಲಾದರೆ ಸಾಗೋ ತಾಳೆಯಂಥ ಒದ್ದೆ ನೆಲದ ಬೆಳೆಗಳಿವೆ ನಿಜ, ಆದರೆ ಕೊಳ್ಳುವವರನ್ನು ಗೊತ್ತು ಮಾಡದೆ ಅವನ್ನು ಬೆಳೆಯಿರಿ ಅನ್ನಬೇಡಿ.

ಪ್ರಾಯೋಗಿಕವಾಗಿ ಕುರುಚಲಿನ ಕಡೆ ಒಂದು ಕಾಲುವೆಗೆ ಕಟ್ಟೆ ಹಾಕಿ ತೋರಿಸುವುದಾದರೆ, ಒಂದೇ ದೊಡ್ಡ ಕಟ್ಟೆ ಬೇಡ. ಪ್ರತಿ ಕಟ್ಟೆಯ ಮೇಲ್ಬದಿ-ಕೆಳಬದಿ ನೀರಿನ ವ್ಯತ್ಯಾಸ 20–30 ಸೆಂ.ಮೀ. ಮೀರದಿರಲಿ. ಕಿಲೋಮೀಟರಿಗೆ 1 ಮೀ. ಇಳಿಜಾರಿದ್ದರೆ 250 ಮೀಟರಿಗೊಂದು ಕಟ್ಟೆ. ಕೆಳಗಿನ ಕಟ್ಟೆಯ ನೀರು ಮೇಲಿನದರ ಬುಡ ಮುಟ್ಟಬೇಕು, ಇಲ್ಲದಿದ್ದರೆ ಆ ಬುಡವೇ ಕೊರೆದುಹೋಗುತ್ತದೆ. ಹೊರಗಿನ ಮಣ್ಣು ತರಬೇಡಿ, ಅದರ ಭಾರಕ್ಕೆ ಕಟ್ಟೆ ಪೀಟ್‌ನೊಳಗೆ ಇಳಿಯುತ್ತದೆ. ಅಲ್ಲೇ ಆಳದಿಂದ ತೆಗೆದ, ಕೊಳೆತ, ಒದ್ದೆ ಪೀಟ್ ಬಳಸಿ. ಮೇಲಿನ ಒಣ ಪುಡಿ ಒಮ್ಮೆ ಪೂರ್ತಿ ಒಣಗಿದರೆ ನೀರು ಹೀರುವುದಿಲ್ಲ, ನೀರನ್ನು ತಡೆಯುವುದೂ ಇಲ್ಲ. ಎರಡೂ ದಡದೊಳಕ್ಕೆ ಕಟ್ಟೆಯನ್ನು ಚಾಚಿ, ನಡುವೆ ಅಲ್ಲದೆ ಪಕ್ಕಕ್ಕೆ ನೀರು ಉಕ್ಕಿ ಹುಲ್ಲಿನ ಮೇಲೆ ಹರಡುವಂತೆ ಮಾಡಿ. ಕಟ್ಟೆ ಒಡೆಯುವುದು ಹೆಚ್ಚಾಗಿ ಬದಿಯಲ್ಲೇ, ಮೊದಲ ಜೋರು ಮಳೆಯಲ್ಲಿ. ಆ ಮಳೆ ನಿಂತ ಮರುದಿನ ಯಾರು ಹೋಗಿ ನೋಡಬೇಕು ಅನ್ನುವುದನ್ನು ಕಟ್ಟುವ ಮೊದಲೇ ತೀರ್ಮಾನಿಸಿ.