ಅಪರಾಧಶಾಸ್ತ್ರದ ಪಠ್ಯಗಳಲ್ಲಿ ಆಫ್ರಿಕನ್-ಅಮೆರಿಕನ್ ವಿದ್ವಾಂಸರು ಏಕೆ ಕಾಣಿಸುವುದಿಲ್ಲ?

ಪ್ರಶ್ನೆ:
ನಮಸ್ಕಾರ. ನಾನು ಅಪರಾಧಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಮೆರಿಕದ ನಗರಗಳನ್ನು ಕುರಿತ ನಮ್ಮ ಪಾಠಗಳಲ್ಲಿ ಕಪ್ಪು ಜನರು ಅಂಕಿಅಂಶಗಳಾಗಿ ಪುಟಪುಟಕ್ಕೂ ಬರುತ್ತಾರೆ. ಸಿದ್ಧಾಂತ ಕಟ್ಟಿದವರ ಸಾಲಿನಲ್ಲಿ ಮಾತ್ರ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಅಂಥ ವಿದ್ವಾಂಸರು ಇರಲೇ ಇಲ್ಲವೇ, ಅಥವಾ ಇದ್ದವರನ್ನು ಕೈಬಿಡಲಾಯಿತೇ?

ಉತ್ತರ 1:
ಇದ್ದರು, ಅದೂ ಮೊದಲಿನಿಂದಲೇ. ಡಬ್ಲ್ಯೂ. ಇ. ಬಿ. ಡು ಬೋಯಿಸ್ ಅವರು 1896ರಲ್ಲಿ ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲೇ ಮನೆ ಮಾಡಿಕೊಂಡು, ಪ್ರಶ್ನಾವಳಿ ಹಿಡಿದು ತಾವೇ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದರು. ಅಪರಾಧವು ಜನಾಂಗದ ಹುಟ್ಟುಗುಣವೆಂದು ಪಂಡಿತರೇ ಬರೆಯುತ್ತಿದ್ದ ಆ ಕಾಲದಲ್ಲಿ, 1899ರ ‘ದಿ ಫಿಲಡೆಲ್ಫಿಯಾ ನೀಗ್ರೋ’ ಗ್ರಂಥವು ಅದರ ಬೇರುಗಳನ್ನು ಗುಲಾಮಗಿರಿಯ ಪರಿಣಾಮದಲ್ಲಿ, ವಲಸೆಯಲ್ಲಿ, ಬಣ್ಣ ನೋಡಿ ಕೆಲಸ ನಿರಾಕರಿಸುವ ಪದ್ಧತಿಯಲ್ಲಿ ಹುಡುಕಿತು. ಅವರನ್ನು ಕರೆಸಿಕೊಂಡ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಕೊಟ್ಟದ್ದು ‘ಸಮಾಜಶಾಸ್ತ್ರದ ಸಹಾಯಕ’ ಎಂಬ ತಾತ್ಕಾಲಿಕ ಹುದ್ದೆಯನ್ನು ಮಾತ್ರ. ಪಾಠ ಮಾಡಲು ತರಗತಿಯನ್ನೂ ಕೊಡಲಿಲ್ಲ. 1963ರಲ್ಲಿ ತೀರಿಕೊಂಡವರಿಗೆ ಅಲ್ಲಿನ ಗೌರವ ಪ್ರಾಧ್ಯಾಪಕ ಪದವಿ ದೊರೆತದ್ದು 2012ರಲ್ಲಿ!

ಇಡಾ ಬಿ. ವೆಲ್ಸ್ ಅವರನ್ನೂ ಮರೆಯಬಾರದು. 1895ರಲ್ಲಿ ಅವರು ಕಪ್ಪು ಜನರ ಗುಂಪುಹತ್ಯೆಗಳ ಲೆಕ್ಕವನ್ನು ಬಿಳಿಯರದೇ ಪತ್ರಿಕೆಯಾದ ‘ಷಿಕಾಗೋ ಟ್ರಿಬ್ಯೂನ್’ನಿಂದ ತೆಗೆದುಕೊಂಡು, ಅತ್ಯಾಚಾರಕ್ಕೆ ಪ್ರತೀಕಾರವೆಂಬ ಸಮರ್ಥನೆಯು ಆ ಅಂಕಿಗಳ ಮುಂದೆಯೇ ನಿಲ್ಲುವುದಿಲ್ಲವೆಂದು ತೋರಿಸಿದರು.

ಉತ್ತರ 2:
ಒಂದು ಸಂದೇಹ. ಡು ಬೋಯಿಸ್ ಸಮಾಜಶಾಸ್ತ್ರಜ್ಞರು, ವೆಲ್ಸ್ ಪತ್ರಕರ್ತೆ. ಇವರನ್ನು ಈಗ ಅಪರಾಧಶಾಸ್ತ್ರಕ್ಕೆ ಎಳೆದು ತರುವುದು ಸರಿಯೇ?

ಉತ್ತರ 3:
ಈ ಮಾನದಂಡವನ್ನು ಎಲ್ಲರಿಗೂ ಅನ್ವಯಿಸುವುದಾದರೆ ಸರಿ. ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅವರೂ ಸಮಾಜಶಾಸ್ತ್ರದಿಂದಲೇ ಬಂದವರು. ಆದರೂ ಬಾಲಾಪರಾಧವನ್ನು ನೆರೆಹೊರೆಗಳ ಸ್ಥಿತಿಗೆ ಜೋಡಿಸಿದ ಅವರ 1942ರ ಷಿಕಾಗೋ ಅಧ್ಯಯನವಿಲ್ಲದ ಅಪರಾಧಶಾಸ್ತ್ರದ ಪಠ್ಯ ಸಿಗುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಇಲ್ಲಿ ಅಡ್ಡ ಬಂದದ್ದು ವಿಷಯದ ಗಡಿಯಲ್ಲ, ಬಣ್ಣದ ಗಡಿ. ವರ್ನೆಟಾ ಯಂಗ್ ಮತ್ತು ಆ್ಯನ್ ಸುಲ್ಟನ್ 1991ರಲ್ಲಿ ಕಪ್ಪು ವಿದ್ವಾಂಸರನ್ನು ಹೀಗೆ ಕೈಬಿಟ್ಟದ್ದನ್ನೇ ‘ಎಕ್ಸ್‌ಕ್ಲೂಡೆಡ್’ (ಹೊರಗಿಡಲ್ಪಟ್ಟವರು) ಎಂಬ ನೇರ ಶೀರ್ಷಿಕೆಯಡಿ ಬರೆದರು. ಮರುವರ್ಷ ಕ್ಯಾಥರಿನ್ ರಸೆಲ್ ಅವರು ‘ಕಪ್ಪು ಅಪರಾಧಶಾಸ್ತ್ರ’ವೊಂದು ಬೆಳೆಯಬೇಕೆಂದು ವಾದಿಸಿದರು.

ಅನಂತರ ಪರಿಸ್ಥಿತಿ ಒಂದಿಷ್ಟು ಬದಲಾಗಿದೆ: ಕಪ್ಪು ಸಮಾಜಶಾಸ್ತ್ರಜ್ಞೆ ರೂತ್ ಪೀಟರ್ಸನ್ 2016ರಲ್ಲಿ ಅಪರಾಧಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಸೊಸೈಟಿ ಆಫ್ ಕ್ರಿಮಿನಾಲಜಿಯ ಅಧ್ಯಕ್ಷರಾಗಿದ್ದರು. ಆದರೆ ಅಧ್ಯಕ್ಷಗಿರಿಗಿಂತ, ಅವರು ಲಾರೆನ್ ಕ್ರಿವೊ ಅವರೊಂದಿಗೆ ನೆರೆಹೊರೆಗಳ ಅಪರಾಧ ಪ್ರಮಾಣದ ಅಂತರವನ್ನು ವಸತಿ ಪ್ರತ್ಯೇಕತೆಗೆ (ಜನಾಂಗಗಳು ಬೇರೆ ಬೇರೆ ಬಡಾವಣೆಗಳಲ್ಲಿ ವಾಸಿಸುವ ಸ್ಥಿತಿಗೆ) ಜೋಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ಹೆಚ್ಚು ಉಪಯುಕ್ತ. ಅದನ್ನು ಶಾ–ಮೆಕೇ ಅವರ ಪಕ್ಕದಲ್ಲಿಟ್ಟು ಓದಿ.